ಒಂದು ಹೆಂಟೆ, ಒಂದು ಗ್ಲಾಸು ಮಳೆನೀರು

ಡಿಸೆಂಬರ್ 5 ವಿಶ್ವ ಮಣ್ಣಿನ ದಿನ. ಆ ದಿನ ಕಲಬುರಗಿಯಲ್ಲಿ ಒಂದಷ್ಟು ರೈತರು, ಕೃಷಿ ಓದುತ್ತಿರುವ ಹುಡುಗ ಹುಡುಗಿಯರು ಸೇರಿದ್ದ ಕಡೆ ಮಾತಾಡಿದ್ದೆ. ಬರೆದು ಕೊಡಿ ಅಂತ ಆಮೇಲೆ ಕೆಲವರು ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ, ಅಲ್ಲಲ್ಲಿ ಒಂದೆರಡು ಲೆಕ್ಕ ಮಾತ್ರ ಸರಿಯಾಗಿ ಕೂಡಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಇದೆ. ಈ ಮೇಜಿನ ಮೇಲೆ ಎರಡು ಗಾಜಿನ ಗ್ಲಾಸು ಇವೆ. ಎರಡರಲ್ಲೂ ಮಳೆನೀರು, ಅಕ್ಟೋಬರ್‌ನಲ್ಲಿ ಬಿದ್ದ ಕೊನೆ ಮಳೆಗೆ ಅಂಗಳದಲ್ಲಿ ಪಾತ್ರೆ ಇಟ್ಟು ಹಿಡಿದದ್ದು. ಬೋರಿನ ನೀರು ಇದಕ್ಕೆ ಆಗುವುದಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಈ ಹೆಂಟೆ, ಅಂದರೆ ಒಣಗಿದ ಮಣ್ಣಿನ ಗಡ್ಡೆ, ಚಿತ್ತಾಪುರ ಕಡೆಯ ಒಂದು ತೊಗರಿ ಹೊಲದ್ದು. ಇದು ಶಹಾಪುರ ಕಡೆ ಕಾಲುವೆ ಕೆಳಗೆ ಭತ್ತ ಹಾಕಿದ ಹೊಲದ್ದು. ಎರಡೂ ಗೋಲಿ ಗಾತ್ರ, ಎರಡೂ ಕಪ್ಪು, ಎರಡೂ ಒಣಗಿ ಕಲ್ಲಾಗಿವೆ. ಕೈಯಲ್ಲಿ ಹಿಡಿದರೆ ಯಾವುದು ಯಾವ ಊರಿನದು ಅಂತ ಗೊತ್ತಾಗುವುದಿಲ್ಲ, ಅದಕ್ಕೇ ಗ್ಲಾಸಿಗೆ ಚೀಟಿ ಅಂಟಿಸಿದ್ದೇನೆ. ನೋಡಿ, ಮೆಲ್ಲಗೆ ಬಿಟ್ಟೆ. ಇನ್ನು ಅರ್ಧ ಗಂಟೆ ಯಾರೂ ಅಲುಗಾಡಿಸಬೇಡಿ. ಅಷ್ಟರಲ್ಲಿ ನಾವು ಬೇರೆ ಮಾತು ಆಡೋಣ.

ನಮ್ಮ ಕಡೆ ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಅಲ್ವಾ. ಸಣ್ಣವನಿದ್ದಾಗ ಹೊಲಕ್ಕೆ ಹೋಗಿ ಯರಿ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು, ತಂದು ಎತ್ತು ಮಾಡುತ್ತಿದ್ದೆವು. ಮಾಡಿದ ದಿನ ಬಹಳ ಚೆಂದ ಕಾಣುತ್ತಿತ್ತು. ಮೂರನೇ ದಿನಕ್ಕೆ ಕುತ್ತಿಗೆಯಲ್ಲಿ ಬಿರುಕು, ಕಾಲಿನ ಸಂದಿಯಲ್ಲಿ ಬಿರುಕು. ಅಜ್ಜಿ ಮಾಡಿದ ಎತ್ತು ಮಾತ್ರ ಒಡೆಯುತ್ತಿರಲಿಲ್ಲ. ಅವಳು ಮಣ್ಣು ಕಲಸುವಾಗ ಒಂದು ಹಿಡಿ ಹತ್ತಿ ಎಳೆ, ಸ್ವಲ್ಪ ಬೂದಿ ಸೇರಿಸುತ್ತಿದ್ದಳು. ಯಾಕವ್ವಾ ಅಂದರೆ "ಯರಿ ಮಣ್ಣು ಜಗ್ಗತದ ಮಗಾ, ಅದಕ್ಕ ಹಿಡಿಲಿಕ್ಕ ಏನಾರ ಬೇಕು" ಅನ್ನುತ್ತಿದ್ದಳು. ಆ "ಜಗ್ಗುವುದು" ಏನು ಅಂತ ನಾನು ಕಾಲೇಜಿನಲ್ಲಿ ಓದಿದ್ದು ಬಹಳ ವರ್ಷದ ಮೇಲೆ.

ವಿಷಯ ಇಷ್ಟು. ಸುಮಾರು 6.6 ಕೋಟಿ ವರ್ಷದ ಹಿಂದೆ ಈ ದಖ್ಖನ್ ಸೀಮೆಯಲ್ಲಿ ಲಾವಾ ಹರಿದು, ಆರಿ, ಕಪ್ಪು ಕಲ್ಲಾಯಿತು. ಆ ಕಲ್ಲು ಸವೆದು ಸವೆದು ಬಂದದ್ದು ನಮ್ಮ ಯರಿ ಮಣ್ಣು. ಇದರಲ್ಲಿ ಅರ್ಧಕ್ಕೂ ಜಾಸ್ತಿ ಪಾಲು ಬರೀ ಜೇಡಿ. ಅದೂ ಎಂಥ ಜೇಡಿ ಅಂದರೆ ಸ್ಮೆಕ್ಟೈಟ್ ಅನ್ನುವ ಜಾತಿಯದು. ಬುಟ್ಟಿಯಲ್ಲಿ ಖಡಕ್ ರೊಟ್ಟಿ ಒಂದರ ಮೇಲೊಂದು ಒಟ್ಟಿರುತ್ತೀರಲ್ಲ, ಈ ಜೇಡಿಯ ಒಂದೊಂದು ಕಣವೂ ಹಾಗೇ ಪದರ ಪದರ. ಮಳೆ ಬಂದರೆ ನೀರು ಪದರದ ನಡುವೆ ಹೊಕ್ಕು ಪದರಗಳನ್ನು ದೂರ ಸರಿಸುತ್ತದೆ, ಮಣ್ಣು ಉಬ್ಬುತ್ತದೆ. ಬಿಸಿಲಿಗೆ ನೀರು ಹೋದರೆ ಪದರಗಳು ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ, ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಬಿಟ್ಟರೆ ಮೊಣಕೈ ತನಕ ಹೋಗುತ್ತದೆ. ಕರುವಿನ ಕಾಲು ಸಿಕ್ಕಿಹಾಕಿಕೊಂಡದ್ದನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ.

ಇದು ಹೊಲಕ್ಕಷ್ಟೇ ಸಂಬಂಧಪಟ್ಟದ್ದಲ್ಲ. ನಮ್ಮ ಮನೆಯದೇ ಹೇಳುತ್ತೇನೆ. ಅಪ್ಪ ಜೀವನದ ದುಡಿಮೆ ಎಲ್ಲ ಹಾಕಿ ಊರಲ್ಲಿ ಮನೆ ಕಟ್ಟಿಸಿದರು. ಕಟ್ಟಿದವರು ಯರಿ ಮಣ್ಣಲ್ಲೇ ಮೂರು ಅಡಿ ಅಗೆದು ಪಾಯ ಹಾಕಿಬಿಟ್ಟರು. ಎರಡನೇ ಬೇಸಿಗೆಗೆ ಅಡುಗೆ ಮನೆ ಗೋಡೆಯಲ್ಲಿ ನಾಣ್ಯ ತೂರುವಷ್ಟು ಬಿರುಕು. ಆಗಸ್ಟ್‌ಗೆ ಅದೇ ಬಿರುಕು ಕೂದಲೆಳೆಯಷ್ಟು ಸಣ್ಣ. ಮೂರು ಸಲ ಪ್ಲಾಸ್ಟರ್ ಮಾಡಿಸಿದೆವು. ಮೂರು ಸಲವೂ ಬಿಟ್ಟಿತು, ಯಾಕೆಂದರೆ ಗೋಡೆಯಲ್ಲಿ ತಪ್ಪಿರಲಿಲ್ಲ, ಕೆಳಗಿನ ಮಣ್ಣು ವರ್ಷಕ್ಕೊಂದು ಸಲ ಉಸಿರು ತಗೊಂಡು ಬಿಡುತ್ತಿತ್ತು. ಕಪ್ಪು ಮಣ್ಣನ್ನು ಪೂರಾ ತೆಗೆದು, ಗಟ್ಟಿ ಗರಸು, ಅಂದರೆ ಕಲ್ಲು ಚೂರಿನ ನೆಲ, ಸಿಗುವ ತನಕ ಹೋಗಿ, ಮೊರಂ ತುಂಬಿ ದಮ್ಮಸು ಹೊಡೆದಿದ್ದರೆ ಈ ಕಾಟ ಬರುತ್ತಿರಲಿಲ್ಲ. ಬಚ್ಚಲ ನೀರು ಪಾಯದ ಬುಡದಲ್ಲೇ ಇಂಗದ ಹಾಗೆ ನೋಡಿಕೊಂಡಿದ್ದರೂ ಅರ್ಧ ಕಾಟ ತಪ್ಪುತ್ತಿತ್ತು. ಕಪ್ಪು ಮಣ್ಣು ಬಹಳ ಆಳ ಇದ್ದ ಕಡೆ ತಳದಲ್ಲಿ ಗಡ್ಡೆಯ ಹಾಗೆ ಅಗಲ ಮಾಡಿದ ಕಾಂಕ್ರೀಟ್ ಕಂಬ ಇಳಿಸುವ ಪದ್ಧತಿ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅದನ್ನು ನಮ್ಮಂಥ ಮಣ್ಣಿಗಾಗಿಯೇ ರೂಢಿಗೆ ತಂದದ್ದು. ಮನೆ ಕಟ್ಟುವವರು ಸಿಮೆಂಟು ಯಾವುದು, ಸರಳು ಯಾವುದು ಅಂತ ನೂರು ಸಲ ವಿಚಾರಿಸುತ್ತಾರೆ, ಕೆಳಗಿನ ಮಣ್ಣು ಯಾವುದು ಅಂತ ಒಂದು ಸಲವಾದರೂ ಕೇಳಿ ಅಂತ ನನ್ನ ಬೇಡಿಕೆ.

ಈಗ ಹೊಲಕ್ಕೆ ಬರೋಣ. ನೀವು ದಿನಾ ಆಡುವ ಒಂದು ಮಾತು ಇದೆ, "ಹದ". ಹದ ಬಂದಿಲ್ಲ ಇನ್ನೂ ಕುಂಟಿ ಹೂಡಬೇಡ, ಹದ ಹೋಯಿತು ಇನ್ನು ಹೆಂಟೆ ಏಳುತ್ತವೆ ಅನ್ನುತ್ತೀರಿ. ಒಂದು ಹಿಡಿ ಮಣ್ಣು ತಗೊಂಡು, ಅಂಗೈಯಲ್ಲಿ ಉಂಡೆ ಮಾಡಿ, ಬೆರಳಿಂದ ಒತ್ತಿ, ಒಡೆಯುತ್ತದೋ ಅಂಟುತ್ತದೋ ನೋಡುತ್ತೀರಿ. ಸ್ವೀಡನ್ ದೇಶದಲ್ಲಿ ಆಲ್ಬರ್ಟ್ ಅಟರ್‌ಬರ್ಗ್ ಅನ್ನುವ ವಿಜ್ಞಾನಿ 1911ರಲ್ಲಿ ಇದನ್ನೇ ಅಳತೆಗೆ ತಂದ. ಒದ್ದೆ ಮಣ್ಣನ್ನು ಹೊಸೆದು ಬತ್ತಿ ಮಾಡುವುದು, ಅದು ಯಾವಾಗ ಪುಡಿಯಾಗಿ ತುಂಡಾಗುತ್ತದೋ ಆಗ ಮಣ್ಣಲ್ಲಿ ಎಷ್ಟು ನೀರಿದೆ ಅಂತ ತೂಗುವುದು. ಇವತ್ತಿಗೂ ದೊಡ್ಡ ರಸ್ತೆ, ಅಣೆಕಟ್ಟು ಕಟ್ಟುವ ಇಂಜಿನಿಯರುಗಳು ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು. ನಿಮ್ಮ ಅಂಗೈ ಮಾಡುವುದೂ ಅದೇ ಪರೀಕ್ಷೆ. ಇಲ್ಲಿ ಕೂತ ಹುಡುಗರು ಇದನ್ನು ಪುಸ್ತಕದಲ್ಲಿ ಓದಿದ ಮೇಲೆ ಒಂದು ಸಲ ಹಿರಿಯರ ಜೊತೆ ಹೊಲಕ್ಕೆ ಹೋಗಿ ಕೈಯಲ್ಲಿ ಕಲಿಯಿರಿ.

ಯರಿ ಮಣ್ಣಿನ ದೊಡ್ಡ ಗುಣ ಅಂದರೆ ಅದು ಹಿಡಿದಿಡುವ ನೀರು. ಐದು ಅಡಿ ಆಳದ ಒಳ್ಳೆ ಯರಿ ಹೊಲ ಪೂರಾ ನೆನೆದರೆ, ಬೇರಿಗೆ ಸಿಗುವಂಥ ನೀರು ಸುಮಾರು 200 ಮಿಲಿಮೀಟರ್ ಹಿಡಿಯುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ನಾಲ್ಕು ಸಾವಿರ ಲೀಟರ್. ಅಲ್ಲಿಗೆ 200 ಮಿಲಿಮೀಟರ್ ಅಂದರೆ ಎಂಟು ಲಕ್ಷ ಲೀಟರ್, ಐದು ಸಾವಿರ ಲೀಟರಿನ ಟ್ಯಾಂಕರು 160. ಒಂದು ಎಕರೆ ಹೊಲದ ಹೊಟ್ಟೆಯಲ್ಲಿ ಇಷ್ಟು ಇರುತ್ತದೆ. ಹಿಂಗಾರಿ ಜೋಳ ಒಂದು ಹನಿ ಮಳೆ ಇಲ್ಲದೆ, ಬರೀ ಇಬ್ಬನಿ ಕಂಡುಕೊಂಡು ತೆನೆ ಕಟ್ಟುವುದು ಈ ಸಂಗ್ರಹದ ಮೇಲೆಯೇ. ತೊಗರಿ ಡಿಸೆಂಬರ್ ತನಕ ಹಸಿರಾಗಿ ನಿಲ್ಲುವುದೂ ಹಾಗೇ, ಅದರ ಬೇರು ಆಳಕ್ಕೆ ಇಳಿದು ಕೊನೆ ಪಾಲಿನ ನೀರೂ ಹುಡುಕುತ್ತದೆ. ಕಲಬುರಗಿಗೆ ತೊಗರಿ ಕಣಜ ಅಂತ ಹೆಸರು ಬಂದಿದೆ, 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ ಮಾನ್ಯತೆಯೂ ಸಿಕ್ಕಿತು. ಅದರ ಹಿಂದೆ ಈ ಮಣ್ಣಿದೆ.

ಆದರೆ ನೀರು ಒಳಗೆ ಹೋಗಬೇಕಲ್ಲ. ಒಣ ಯರಿ ಮಣ್ಣಿಗೆ ಬಿರುಕಿನಿಂದ ನೀರು ಸರಸರ ಇಳಿಯುತ್ತದೆ. ಒಂದು ಸಲ ನೆನೆದು ಉಬ್ಬಿ ಬಿರುಕು ಮುಚ್ಚಿದರೆ ಮುಗಿಯಿತು, ಗಂಟೆಗೆ ಕೆಲವೇ ಮಿಲಿಮೀಟರ್ ಇಳಿದರೆ ಹೆಚ್ಚು. ಉಳಿದದ್ದು ಹರಿದು ಹೋಗುತ್ತದೆ, ಹೋಗುವಾಗ ಮೇಲ್ಮಣ್ಣು ತಗೊಂಡು ಹೋಗುತ್ತದೆ. ಒಂದು ಎಕರೆಯಲ್ಲಿ ಒಂದೇ ಒಂದು ಮಿಲಿಮೀಟರ್ ಪದರ ಹೋದರೂ ಐದು ಟನ್ ಮಣ್ಣು ಹೋದ ಲೆಕ್ಕ. ಅದಕ್ಕೇ ಇಳಿಜಾರಿಗೆ ಅಡ್ಡ ಬಿತ್ತಿ, ಒಡ್ಡು ಒಡೆದರೆ ಅದೇ ವಾರ ಕಟ್ಟಿ, ಮಳೆ ನಿಂತ ಮೇಲೆ ಎಡೆಕುಂಟಿ ಹೊಡೆದು ಬಿರುಕು ಮುಚ್ಚಿ ಅಂತ ಹೇಳುವುದು. ಬಿರುಕು ತೆರೆದಿದ್ದರೆ ಮಣ್ಣು ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಒಣಗುತ್ತದೆ.

ಇಲ್ಲಿ ತನಕ ಹೇಳಿದ್ದೆಲ್ಲ ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು. ಇದರಲ್ಲಿ ನಿಮಗೆ ನನಗಿಂತ ಜಾಸ್ತಿ ಗೊತ್ತು. ಈಗ ಕಣ್ಣು ಮೋಸ ಹೋಗುವ ಜಾಗಕ್ಕೆ ಬರುತ್ತೇನೆ.

"ನಮ್ದು ಕರೀ ಭೂಮಿ ಸಾಹೇಬ್ರ, ಸತ್ವಕ್ಕೇನೂ ಕಮ್ಮಿ ಇಲ್ಲ" ಅಂತ ಎಷ್ಟು ಸಲ ಕೇಳಿದ್ದೇನೋ. ಮಣ್ಣು ಕಪ್ಪಗಿದ್ದರೆ ಗೊಬ್ಬರದಂಶ ಬಹಳ ಇದೆ ಅಂತ ನಂಬಿಕೆ. ನಾನು ಇಪ್ಪತ್ತಕ್ಕೂ ಜಾಸ್ತಿ ವರ್ಷ ಪ್ರಯೋಗಾಲಯದಲ್ಲಿ ಮಾಡಿದ ಕೆಲಸ ಅದನ್ನು ಅಳೆಯುವುದೇ. ಒಂದು ಗ್ರಾಂ ಮಣ್ಣು ತೂಗಿ ಗಾಜಿನ ಫ್ಲಾಸ್ಕಿಗೆ ಹಾಕುತ್ತೇವೆ. ಅದಕ್ಕೆ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್, ಮೇಲೆ ಗಂಧಕಾಮ್ಲ. ಫ್ಲಾಸ್ಕು ಕೈಗೆ ಸುಡುವಷ್ಟು ಬಿಸಿಯಾಗುತ್ತದೆ. ಅರ್ಧ ಗಂಟೆ ಬಿಡಬೇಕು. ಮಣ್ಣಲ್ಲಿ ಇಂಗಾಲ, ಅಂದರೆ ಆ ಗೊಬ್ಬರದಂಶದ ಅಳತೆ, ಚೆನ್ನಾಗಿದ್ದರೆ ಕಿತ್ತಳೆ ಹೋಗಿ ಹಸಿರು ತಿರುಗುತ್ತದೆ. ನಮ್ಮ ಕಡೆಯ ಕಪ್ಪು ಮಣ್ಣು ಹಾಕಿದಾಗ ಎಷ್ಟೋ ಸಲ ಕಿತ್ತಳೆ ಬಣ್ಣ ಬಹಳಷ್ಟು ಹಾಗೇ ಉಳಿದದ್ದನ್ನು ನೋಡಿದ್ದೇನೆ. ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಅಂತ ಲೆಕ್ಕ. ನಮ್ಮ ಹೊಲಗಳು ಬಹಳ ಮಟ್ಟಿಗೆ ಕೆಳಗಿನ ಸಾಲಿನವು. ಆ ಕಪ್ಪು ಬಣ್ಣ ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡ ಚೂರೇ ಚೂರು ಸಾವಯವ ಅಂಶದಿಂದ, ಕಲ್ಲಿನಿಂದ ಬಂದ ಖನಿಜದಿಂದ ಬರುವ ಬಣ್ಣ. ಕಣ್ಣು ಎಷ್ಟು ನೋಡಿದರೂ ಇದು ಗೊತ್ತಾಗುವುದಿಲ್ಲ.

ಹೆಚ್ಚಿಸುವುದು ಹೇಗೆ ಅಂತ ಕೇಳುತ್ತೀರಿ. ನೇರವಾಗಿ ಹೇಳುತ್ತೇನೆ, ನಿಧಾನ. ಒಂದು ಎಕರೆಯಲ್ಲಿ ಮೇಲಿನ ಆರು ಇಂಚು ಮಣ್ಣಿನ ತೂಕ ಸುಮಾರು ಎಂಟು ಲಕ್ಷ ಕಿಲೋ. ಇಂಗಾಲ 0.4ರಿಂದ 0.5ಕ್ಕೆ ಬರಬೇಕು ಅಂದರೆ ಎಂಟುನೂರು ಕಿಲೋ ಅಪ್ಪಟ ಇಂಗಾಲ ಮಣ್ಣಲ್ಲಿ ಉಳಿಯಬೇಕು. ಹಾಕಿದ್ದರಲ್ಲಿ ಬಹುಪಾಲು ನಮ್ಮ ಬಿಸಿಲಿಗೆ ಕರಗಿ ಗಾಳಿಗೆ ಹೋಗುತ್ತದೆ. ಹಾಗಾಗಿ ಒಂದು ಬಾಟಲಿ ಸುರಿದರೆ ಒಂದೇ ಹಂಗಾಮಿನಲ್ಲಿ ಮಣ್ಣು ಬದಲಾಗುತ್ತದೆ ಅಂತ ಯಾರಾದರೂ ಮನೆ ಬಾಗಿಲಿಗೆ ಬಂದು ಹೇಳಿದರೆ ಈ ಲೆಕ್ಕ ಅವರ ಮುಂದೆ ಇಡಿ. ತಿಪ್ಪೆ ಗೊಬ್ಬರ, ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುವುದು, ಹತ್ತಿ ಕಟ್ಟಿಗೆಗೆ ಬೆಂಕಿ ಹಚ್ಚದೆ ಪುಡಿ ಮಾಡಿ ಸೇರಿಸುವುದು, ತೊಗರಿ ಉದುರಿಸಿದ ಎಲೆ ಹೊಲದಲ್ಲೇ ಬಿಡುವುದು, ಇದನ್ನೇ ಹತ್ತು ವರ್ಷ ಬಿಡದೆ ಮಾಡಬೇಕು. ಬೇರೆ ಹತ್ತಿರದ ದಾರಿ ನನಗೆ ಕಂಡಿಲ್ಲ.

ಈಗ ಮಣ್ಣು ಆರೋಗ್ಯ ಚೀಟಿ. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ, ಹೊಲದ ಮಣ್ಣು ಪರೀಕ್ಷೆ ಮಾಡಿ ಫಲಿತಾಂಶ ಬರೆದು ಕೊಡುವ ಈ ಯೋಜನೆ ಶುರುವಾಯಿತು. ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಚೀಟಿ ಇದೆ. ಎಲ್ಲಿದೆ ಅಂತ ಕೇಳಿದರೆ ಟ್ರಂಕಿನಲ್ಲಿದೆ ಅನ್ನುತ್ತೀರಿ. ನಮ್ಮ ಕಾಕಾನ ಕಥೆ ಕೇಳಿ. ಅವನಿಗೂ ಚೀಟಿ ಬಂತು, ಪಕ್ಕದ ಹೊಲದವನಿಗೂ ಬಂತು. ಕಟ್ಟೆ ಮೇಲೆ ಕೂತು ಎರಡೂ ಹೊಂದಿಸಿ ನೋಡಿದರೆ ಎಲ್ಲಾ ಅಂಕಿ ಒಂದೇ, ಪಾಯಿಂಟ್ ಆದ ಮೇಲಿನದೂ ಒಂದೇ. ಒಬ್ಬನದು ಯರಿ ಹೊಲ, ಇನ್ನೊಬ್ಬನದು ಅರ್ಧ ಗರಸು. ಕಾಕಾಗೆ ಸಿಟ್ಟು ಬಂತು. "ಎಲ್ಲೋ ಕೂತು ಬರದಾರ ಇದನ್ನ" ಅಂತ ಚೀಟಿ ಮಡಚಿ ತಲೆದಿಂಬಿನ ಕೆಳಗೆ ಹಾಕಿದ. ಅವನಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಆ ಯೋಜನೆಯ ಮೊದಲ ಸುತ್ತುಗಳಲ್ಲಿ ಮಳೆ ಆಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದು, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ ತೆಗೆಯುವುದು ಅಂತ ನಿಯಮ. ಅಂದರೆ 25 ಎಕರೆಗೆ ಒಂದೇ ಪೊಟ್ಟಣ, ಅಷ್ಟರೊಳಗಿನ ಎಲ್ಲರಿಗೂ ಅದೇ ಫಲಿತಾಂಶ. ದೇಶಕ್ಕೆ ನಕ್ಷೆ ಮಾಡಲಿಕ್ಕೆ ಅದು ಸಾಕು, ಕಾಕಾನ ಐದು ಎಕರೆಗೆ ಸಾಲದು. ಇದನ್ನು ಅವತ್ತೇ ತಿಳಿಸಿ ಹೇಳಿದ್ದರೆ ಅವನು ನಂಬಿಕೆ ಕಳಕೊಳ್ಳುತ್ತಿರಲಿಲ್ಲ. ಮಣ್ಣಿನ ಕೆಲಸದಲ್ಲಿರುವ ನಮ್ಮಂಥವರು ಎಡವಿದ್ದು ಇಲ್ಲೇ, ಅಂಕಿ ಕೊಟ್ಟೆವು, ಅದು ಬಂದ ದಾರಿ ಹೇಳಲಿಲ್ಲ.

ಹಾಗಾಗಿ ನಿಮ್ಮ ಹೊಲದ ಮಾದರಿ ನೀವೇ ತೆಗೆಯಿರಿ. ರಾಶಿ ಆದ ಮೇಲೆ, ಮುಂದಿನ ಗೊಬ್ಬರ ಹಾಕುವ ಮೊದಲು. ಹೊಲದಲ್ಲಿ ಹಾವು ಹರಿದ ಹಾಗೆ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ, ಮೇಲಿನ ಕಸ ಸರಿಸಿ, ಆರು ಇಂಚು ಆಳ ಸಲಿಕೆಯಿಂದ ಇಳಿಜಾರು ಗುಂಡಿ ತೆಗೆದು, ಅದರ ಗೋಡೆಯಿಂದ ಮೇಲಿಂದ ಕೆಳಗಿನ ತನಕ ಒಂದಿಂಚು ದಪ್ಪ ಕೆರೆದು ಬುಟ್ಟಿಗೆ ಹಾಕಬೇಕು. ಒಡ್ಡಿನ ಮೇಲೆ ಬೇಡ, ಬೇವಿನ ಗಿಡದ ಕೆಳಗೆ ಬೇಡ, ತಿಪ್ಪೆ ಇದ್ದ ಜಾಗ, ಕುರಿ ನಿಂತ ಜಾಗ ಬೇಡವೇ ಬೇಡ. ಎಲ್ಲಾ ಕಲಸಿ, ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಚೆಲ್ಲಿ. ಅರ್ಧ ಕಿಲೋ ಉಳಿಯುವ ತನಕ ಹಾಗೇ ಮಾಡಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿ. ಯೂರಿಯಾ ಚೀಲದಲ್ಲಿ ತರುವವರು ಇದ್ದಾರೆ, ಆ ಚೀಲದ ಧೂಳು ಸಾಕು ಲೆಕ್ಕ ಕೆಡಲಿಕ್ಕೆ. ನೆನಪಿಡಿ, ನಾವು ಒಂದು ಗ್ರಾಂ ತೂಗುತ್ತೇವೆ, ಅದರ ಹಿಂದೆ ಎಂಟು ಲಕ್ಷ ಕಿಲೋ ಮಣ್ಣು ನಿಂತಿದೆ. ಗರಸು ತುಂಡು ಬೇರೆ, ಯರಿ ತುಂಡು ಬೇರೆ ಇದ್ದರೆ ಎರಡು ಚೀಲ ಮಾಡಿ, ಎರಡೂ ಸೇರಿಸಿ ತಂದರೆ ಬರುವ ಅಂಕಿ ಎರಡಕ್ಕೂ ಸಂಬಂಧ ಇರುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಇದರ ಲಾಭ ಇನ್ನೂ ಸ್ಪಷ್ಟ. ಖುಷ್ಕಿ, ಅಂದರೆ ಮಳೆ ಆಶ್ರಿತ ತೊಗರಿಗೆ ಶಿಫಾರಸು ಎಕರೆಗೆ 10 ಕಿಲೋ ಸಾರಜನಕ, 20 ಕಿಲೋ ರಂಜಕ. 50 ಕಿಲೋ ಡಿಎಪಿ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಇರುತ್ತದೆ. ಅಂದರೆ ಎಕರೆಗೆ ಒಂದು ಚೀಲ ಹೆಚ್ಚು ಕಡಿಮೆ ಸರಿಹೋಯಿತು. ಎರಡು ಹಾಕುವವರು ಯಾಕೆ ಹಾಕುತ್ತಾರೆ ಅಂದರೆ ಪಕ್ಕದವನು ಹಾಕಿದ ಅಂತ. ನಮ್ಮ ಕಡೆ ಮಣ್ಣಲ್ಲಿ ಸುಣ್ಣ ಬಹಳ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ಸೇಡಂ ಮಳಖೇಡ ಕಡೆ ಸಿಮೆಂಟು ಕಾರ್ಖಾನೆಗಳು ಬಂದದ್ದೂ ಆ ಕಲ್ಲಿಗೇ. ಹೊಲದಲ್ಲಿ ಬಿಳಿ ಸುಣ್ಣದ ಹರಳು ಕಾಣುತ್ತವಲ್ಲ, ಅವು ರಂಜಕವನ್ನು ಕಟ್ಟಿ ಹಾಕುತ್ತವೆ. ಹಾಕಿದ ವರ್ಷ ಬೆಳೆಗೆ ಸಿಗುವುದು ಐದರಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು, ಉಳಿದದ್ದು ಮಣ್ಣಲ್ಲೇ ಗಟ್ಟಿಯಾಗಿ ಕೂರುತ್ತದೆ. ಅದೇ ಸುಣ್ಣ ಕಬ್ಬಿಣಾಂಶವನ್ನೂ ತಡೆಯುತ್ತದೆ, ಅಫಜಲಪುರ ಆಳಂದ ಕಡೆ ಕಬ್ಬಿನ ಎಳೆ ಸುಳಿ ಬಿಳಿಚಿಕೊಳ್ಳುವುದು ಬಹಳ ಸಲ ಇದರಿಂದ. ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಬೇರಿಗೆ ಸಿಗುತ್ತಿಲ್ಲ, ಎಲೆಗೆ ಸಿಂಪಡಿಸಬೇಕು. ಯೂರಿಯಾ ಜಾಸ್ತಿ ಎಸೆದರೆ ಆ ಬಿಳಿಚು ಹೋಗುವುದಿಲ್ಲ.

2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಜೊತೆ ಸೇರಿ ಭೂಚೇತನ ಅಂತ ಕಾರ್ಯಕ್ರಮ ಮಾಡಿತು. ಆಗ ಹಳ್ಳಿ ಹಳ್ಳಿಯ ಮಣ್ಣು ಪರೀಕ್ಷೆ ಮಾಡಿದಾಗ ಸತು, ಬೋರಾನ್, ಗಂಧಕ ಬಹಳ ಕಡೆ ಕಡಿಮೆ ಬಂತು. ಅಲ್ಲಿ ತನಕ ಈ ಮೂರರ ಹೆಸರು ನಮ್ಮ ರೈತರ ಬಾಯಲ್ಲಿ ಇರಲಿಲ್ಲ. ಕಾಕಾ ಒಂದು ವರ್ಷ ಸತು ತಂದ. ಅಂಗಡಿಯವರು ಡಿಎಪಿ ಜೊತೆ ಕಲಸಿ ಹಾಕು, ಒಂದೇ ಕೆಲಸ ಆಗ್ತದ ಅಂದರು. ಒಂದೇ ಪುಟ್ಟಿಯಲ್ಲಿ ಕಲಸಿದ. ಸತುವೂ ರಂಜಕವೂ ಸೇರಿದರೆ ಒಂದನ್ನೊಂದು ಹಿಡಿದು ಕರಗದ ವಸ್ತು ಆಗುತ್ತದೆ. ಸತುವಿನ ದುಡ್ಡೂ ಹೋಯಿತು, ರಂಜಕದ ಸ್ವಲ್ಪ ಪಾಲೂ ಹೋಯಿತು. ಬೇರೆ ಬೇರೆ ದಿನ, ಬೇರೆ ಬೇರೆ ಹಾಕಿ. ಸತುವನ್ನು ತಿಪ್ಪೆ ಗೊಬ್ಬರದ ಜೊತೆ ಕಲಸಿದರೆ ಇನ್ನೂ ಒಳ್ಳೆಯದು.

ಅರ್ಧ ಗಂಟೆ ಆಯಿತು. ಗ್ಲಾಸು ನೋಡೋಣ. ಹಿಂದೆ ಕೂತವರು ಮುಂದೆ ಬನ್ನಿ, ಅಕ್ಕಾ ನೀವೂ ಬನ್ನಿ.

ಚಿತ್ತಾಪುರದ ಹೆಂಟೆ ಏನಾಯಿತು? ಒಡೆದು ಪುಡಿ ಪುಡಿಯಾಗಿ ತಳದಲ್ಲಿ ಕೂತಿದೆ. ಆದರೆ ಮೇಲಿನ ನೀರು ತಿಳಿಯಾಗಿದೆ, ಆ ಕಡೆಯಿಂದ ನನ್ನ ಬೆರಳು ಕಾಣುತ್ತದೆ. ಶಹಾಪುರದ್ದು ನೋಡಿ. ಹೆಂಟೆಯ ಸುತ್ತ ಹೊಗೆ ಎದ್ದ ಹಾಗೆ ಎದ್ದು ಇಡೀ ಗ್ಲಾಸು ಚಹಾದ ಹಾಗೆ ಆಗಿದೆ. ಇದನ್ನು ನಾಳೆ ಬೆಳಿಗ್ಗೆ ತನಕ ಇಟ್ಟರೂ ತಿಳಿ ಬರುವುದಿಲ್ಲ. ಈ ಮಣ್ಣಲ್ಲಿ ಸೋಡಿಯಂ ತುಂಬಿಕೊಂಡಿದೆ. ಒಳ್ಳೆ ಮಣ್ಣಲ್ಲಿ ಜೇಡಿ ಕಣಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಹಿಡಿದು ನಿಲ್ಲಿಸಿರುತ್ತದೆ. ಆ ಜಾಗಕ್ಕೆ ಸೋಡಿಯಂ ಬಂದು ಕೂತರೆ ಹಿಡಿತ ಬಿಡುತ್ತದೆ, ಕಣ ಕಣ ಬೇರೆಯಾಗಿ ನೀರಲ್ಲಿ ತೇಲುತ್ತದೆ, ಹೊಲದಲ್ಲಾದರೆ ಮಣ್ಣಿನ ಸಣ್ಣ ಸಣ್ಣ ರಂಧ್ರ ಎಲ್ಲ ಮುಚ್ಚಿ ಹಾಕುತ್ತದೆ. ಮೇಲೆ ನೀರು ನಿಂತಿರುತ್ತದೆ, ಒಂದು ಗೇಣು ಕೆಳಗೆ ಒಣ. ಬೋರಿನ ನೀರು ಬೇಡ ಅಂದೆನಲ್ಲ, ಅದರಲ್ಲಿ ಉಪ್ಪು ಇರುತ್ತದೆ, ಉಪ್ಪಿನ ನೀರಲ್ಲಿ ಕಣಗಳು ಬೇಗ ಕೂತುಬಿಡುತ್ತವೆ, ರೋಗ ಕಾಣುವುದೇ ಇಲ್ಲ. ಮಳೆನೀರು ಸಿಗದಿದ್ದರೆ ಬ್ಯಾಟರಿಗೆ ಹಾಕುವ ನೀರು ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ತನ್ನಿ.

ಇದನ್ನು ನೀವು ಸವಳು ಅನ್ನುತ್ತೀರಿ. ಹಳೆ ಮಾಳಿಗೆ ಮನೆ ಇರುವವರಿಗೆ ಗೊತ್ತು, ಮಳೆಗಾಲದ ಮೊದಲು ಮಾಳಿಗೆ ಮೇಲೆ ಸವಳು ಮಣ್ಣು ಹಾಕುತ್ತಿದ್ದರು. ಗಾಡಿ ಕಟ್ಟಿಕೊಂಡು ಹಳ್ಳದ ದಂಡೆಗೆ ಹೋಗಿ ಆ ಮಣ್ಣೇ ಬೇಕು ಅಂತ ಹುಡುಕಿ ತರುತ್ತಿದ್ದರು. ಯಾಕೆ ಅದೇ? ಮೊದಲ ಮಳೆಗೆ ಕಣಗಳು ಹರಡಿ ರಂಧ್ರ ಎಲ್ಲ ಮುಚ್ಚಿ, ಒಂದು ಹನಿ ಕೆಳಗೆ ಇಳಿಯದ ಹಾಗೆ ಮಾಡುತ್ತಿತ್ತು. ಹೊಲವನ್ನು ಹಾಳು ಮಾಡುವ ಗುಣವೇ ಮನೆಯನ್ನು ಕಾಯುತ್ತಿತ್ತು. ಪ್ರಯೋಗಾಲಯ ಇಲ್ಲದ ಕಾಲದಲ್ಲಿ ಜನ ಇದನ್ನು ಗುರುತಿಸಿ, ಇದಕ್ಕೊಂದು ಹೆಸರಿಟ್ಟು, ಇದರಿಂದ ಕೆಲಸ ತಗೊಂಡಿದ್ದರು ಅನ್ನುವುದು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆಗೆ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ನೀರು ಬಂತು. ಜೋಳ ತೊಗರಿ ಬೆಳೆದ ಯರಿ ಹೊಲಕ್ಕೆ ಭತ್ತ ಬಂತು. ಬದುಕು ಹಸನಾಯಿತು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಕೆಳಗೆ ಇಳಿದ ನೀರು ಹೋಗಲಿಕ್ಕೆ ದಾರಿ ಇಲ್ಲದ ಕಡೆ ಅಂತರ್ಜಲ ಮೇಲೆ ಬರುತ್ತದೆ. ಮೇಲೆ ನಾಲ್ಕೈದು ಅಡಿಗೆ ಬಂದರೆ, ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಬಿಸಿಲಿಗೆ ಆವಿಯಾಗುತ್ತದೆ, ಜೊತೆಗೆ ಬಂದ ಉಪ್ಪು ಮೇಲೇ ಉಳಿಯುತ್ತದೆ. ಮೊದಲು ತಗ್ಗಿನಲ್ಲಿ ಒಂದು ಮೂಲೆ ಬೆಳ್ಳಗಾಗುತ್ತದೆ. ರೈತ ಬೆಳೆ ಕುಂದಿತು ಅಂತ ಯೂರಿಯಾ ಜಾಸ್ತಿ ಹಾಕುತ್ತಾನೆ, ಉಪ್ಪು ತೊಳೆಯಲಿ ಅಂತ ನೀರೂ ಜಾಸ್ತಿ ಬಿಡುತ್ತಾನೆ. ನೀರು ಇನ್ನೂ ಮೇಲೆ ಬರುತ್ತದೆ. ಮೇಲಿನವರು ಹೀಗೆ ಜಾಸ್ತಿ ನೀರಿನಿಂದ ಕೆಡುತ್ತಾರೆ, ಕಾಲುವೆಯ ಕೊನೆ ಭಾಗದವರು ನೀರೇ ಇಲ್ಲದೆ ಕೂರುತ್ತಾರೆ. ಇದು ಮಣ್ಣಿನ ಪ್ರಶ್ನೆಯೂ ಹೌದು, ನ್ಯಾಯದ ಪ್ರಶ್ನೆಯೂ ಹೌದು, ಒಂದನ್ನು ಬಿಟ್ಟು ಇನ್ನೊಂದನ್ನು ಬಗೆಹರಿಸಲಿಕ್ಕೆ ಆಗುವುದಿಲ್ಲ.

ಜಿಪ್ಸಂ ಹಾಕಿದರೆ ಸವಳು ಹೋಗುತ್ತದೆ ಅಂತ ಕೇಳಿರುತ್ತೀರಿ. ಅರ್ಧ ನಿಜ. ಜಿಪ್ಸಂನ ಕ್ಯಾಲ್ಸಿಯಂ ಹೋಗಿ ಸೋಡಿಯಂ ಅನ್ನು ಜೇಡಿಯಿಂದ ಎಬ್ಬಿಸುತ್ತದೆ. ಎಬ್ಬಿಸಿದ ಸೋಡಿಯಂ ಹೊಲ ಬಿಟ್ಟು ಹೊರಗೆ ಹೋಗಬೇಕಲ್ಲ? ಬಸಿಗಾಲುವೆ ಇಲ್ಲದೆ ಬರೀ ಜಿಪ್ಸಂ ಸುರಿದರೆ ಅದು ಅಲ್ಲೇ ಸುತ್ತುತ್ತದೆ. ಮೊದಲು ಬಸಿಗಾಲುವೆ, ಆಮೇಲೆ ಪರೀಕ್ಷೆ ಮಾಡಿಸಿ ಅದು ಹೇಳಿದಷ್ಟು ಜಿಪ್ಸಂ, ಆಮೇಲೆ ಒಳ್ಳೆ ನೀರು ಕಟ್ಟಿ ತೊಳೆಯುವುದು, ಆಮೇಲೆ ಡಯಾಂಚ ಅನ್ನುವ ಹಸಿರು ಗೊಬ್ಬರದ ಗಿಡ ಬೆಳೆದು ಮಣ್ಣಿಗೆ ಮುಗುಚುವುದು. ಈ ಸರದಿ ತಪ್ಪಬಾರದು. ಬರೀ ಉಪ್ಪಿನ ತೊಂದರೆ ಇದ್ದು ಸೋಡಿಯಂ ಇಲ್ಲದಿದ್ದರೆ ಜಿಪ್ಸಂ ಬೇಕೇ ಇಲ್ಲ, ಬಸಿದು ತೊಳೆದರೆ ಸಾಕು. ಎರಡರಲ್ಲಿ ಯಾವುದು ಅಂತ ಹೊಲದ ಮೇಲಿನ ಬಿಳುಪು ಹೇಳುವುದಿಲ್ಲ. ಈ ಗ್ಲಾಸು ಸುಳಿವು ಕೊಡುತ್ತದೆ, ಪ್ರಯೋಗಾಲಯ ಖಚಿತ ಮಾಡುತ್ತದೆ.

ಬೀದರಿನವರು ನಮ್ಮದು ಎಲ್ಲಿ ಅಂತ ಕಾಯುತ್ತಿದ್ದೀರಿ. ನಿಮ್ಮ ಕೆಂಪು ಮಣ್ಣು ಪೂರಾ ಬೇರೆ ಸ್ವಭಾವದ್ದು. ಕೋಟೆ ಕಟ್ಟಿದ ಕೆಂಪು ಜಂಬಿಟ್ಟಿಗೆ ಕಲ್ಲು ನೀರನ್ನು ಇಂಗಿಸಿಕೊಳ್ಳುತ್ತದೆ. ಆ ಗುಣ ತಿಳಿದೇ ನೌಬಾದಿನಲ್ಲಿ ನೆಲದ ಕೆಳಗೆ ಕರೇಜ್, ಅಂದರೆ ನೀರಿನ ಸುರಂಗ, ಕೊರೆದರು. ಬಿದ್ರಿ ಕೆಲಸ ಮಾಡುವವರು ಸತು ತಾಮ್ರ ಬೆರೆಸಿದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಬೆರೆಸಿದ ನೀರಲ್ಲಿ ಅದ್ದುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು 
ಬೀಳದ ಜಾಗದ ಮಣ್ಣೇ ಆಗಬೇಕು, ಯಾವುದು ಸರಿ ಅಂತ ನಾಲಿಗೆಗೆ ಇಟ್ಟು ನೋಡುತ್ತಾರೆ. ಮಳೆ ತಾಗದ ಮಣ್ಣಲ್ಲಿ ಲವಣ ತೊಳೆದು ಹೋಗಿರುವುದಿಲ್ಲ. ಯಾದಗಿರಿಯ ಹೊಲದಲ್ಲಿ ನಾವು ಓಡಿಸಬೇಕು ಅನ್ನುವ ಲವಣಕ್ಕೆ ಬೀದರಿನ ಕೈಕೆಲಸದಲ್ಲಿ ಬೇರೆಯೇ ಬೆಲೆ. ಇನ್ನು ಹೊಲದ ಮಾತು ಅಂದರೆ, ನಿಮ್ಮ ಕೆಂಪು, ತೆಳು ಮಣ್ಣಿಗೆ ಕೆರೆ ಹೂಳು ಹಾಕಿದರೆ ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. ನಮ್ಮ ಆಳದ ಯರಿ ಹೊಲಕ್ಕೆ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಹೂಳು ಹೊಡೆಸುವುದು ಸುಮ್ನೆ ದುಡ್ಡು ಹಾಳು. ಜೇಡಿಗೆ ಜೇಡಿ ಸೇರಿಸಿ ಏನು ಬಂತು?

ಕೊನೆಗೆ ನೆಟೆ ರೋಗ. ಹಸಿರಾಗಿದ್ದ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗುವುದು ನಮ್ಮ ಜಿಲ್ಲೆಯ ದೊಡ್ಡ ಸಂಕಟ. ಅದಕ್ಕೆ ಕಾರಣವಾದ ಶಿಲೀಂಧ್ರ ಮಣ್ಣಲ್ಲೇ, ಹಳೆ ಬೇರು ಕೂಳೆಯಲ್ಲೇ ಎರಡು ಮೂರು ವರ್ಷ ಬದುಕಿರುತ್ತದೆ. ವರ್ಷಾ ವರ್ಷಾ ಅದೇ ಹೊಲದಲ್ಲಿ ತೊಗರಿ ಹಾಕಿದರೆ ಅದಕ್ಕೆ ಊಟ ಬಡಿಸಿದ ಹಾಗೆ. ಜೋಳ ಸುತ್ತು ಹಾಕಿದರೆ, ಇಲ್ಲವೇ ತೊಗರಿ ನಡುವೆ ಜೋಳದ ಸಾಲು ಬಿಟ್ಟರೆ ತಗ್ಗುತ್ತದೆ, ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಲೇಪಿಸಿದರೆ ಇನ್ನಷ್ಟು ಒಳ್ಳೆಯದು. ಇದನ್ನು ಈಗ ಯಾಕೆ ಹೇಳಿದೆ ಅಂದರೆ, ಮಣ್ಣು ಚೀಟಿಯಲ್ಲಿ 12 ಅಂಶ ಇರುತ್ತವೆ. ರಸಸಾರ (ಪಿಎಚ್), ಲವಣ, ಇಂಗಾಲ, ಆಮೇಲೆ ಒಂಬತ್ತು ಪೋಷಕಾಂಶ. ಶಿಲೀಂಧ್ರ ಅದರಲ್ಲಿ ಇಲ್ಲ. ಮಣ್ಣಿನ ಆಳ ಇಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಯಾವ ವರ್ಷ ಏನು ಬಿತ್ತಿದ್ದಿರಿ, ಯಾವ ಮೂಲೆಯಲ್ಲಿ ಮೊದಲು ಬಾಡುತ್ತದೆ, ಅದೂ ಇಲ್ಲ. ಅದು ನಿಮ್ಮ ತಲೆಯಲ್ಲಿದೆ. ಚೀಟಿಯ ಹಿಂದಿನ ಖಾಲಿ ಬದಿಯಲ್ಲಿ ಅದನ್ನೂ ಬರೆದುಕೊಂಡು ಬನ್ನಿ. ಎರಡೂ ಬದಿ ಇದ್ದರೆ ಮಾತ್ರ ನಮ್ಮಂಥವರು ಹೇಳುವ ಸಲಹೆಗೆ ಅರ್ಥ ಬರುತ್ತದೆ.

ಮಾತು ಇಲ್ಲಿಗೆ ಮುಗಿಸಿದೆ. ಪ್ರಶ್ನೆ ಕೇಳುವವರು ಗುಂಪಾಗಿ ಬಂದರು, ಚಹಾ ಬಂತು. ಗುಂಪು ಕರಗಿದ ಮೇಲೆ ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳು ಮೇಜಿನ ಹತ್ತಿರ ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಹೆಂಟೆ ತೆಗೆದರು. "ಇದನ್ನೂ ಹಾಕ್ರಿ ಅಣ್ಣಾ" ಅಂದರು. ಮೂರನೇ ಗ್ಲಾಸು ಇರಲಿಲ್ಲ. ಚಿತ್ತಾಪುರದ ಗ್ಲಾಸು ತೊಳೆದು ಉಳಿದ ಮಳೆನೀರು ಹಾಕಿ ಹೆಂಟೆ ಬಿಟ್ಟೆವು. ಇಬ್ಬರೂ ಕುರ್ಚಿ ಎಳೆದು ಕೂತೆವು. ಹತ್ತು ನಿಮಿಷಕ್ಕೆ ತಳದ ಸುತ್ತ ತೆಳ್ಳಗೆ ಹೊಗೆ ಏಳಲಿಕ್ಕೆ ಶುರುವಾಯಿತು, ಶಹಾಪುರದ್ದರಷ್ಟು ಇಲ್ಲ, ಆದರೂ ಇತ್ತು.

ಯಾವ ಕಡೆಯ ಹೆಂಟೆ ಅಕ್ಕಾ, ಹೊಲದ ನಡುವಿನದಾ ಅಂದೆ. ಇಲ್ಲ, ತಗ್ಗಿನ ಕಡೆ ಬಾಂದಿನ, ಅಂದರೆ ಒಡ್ಡಿನ, ಹತ್ತಿರದ್ದು, ಮೂರು ವರ್ಷದಿಂದ ಅಲ್ಲಿ ಹತ್ತಿ ಮೇಲೇಳುತ್ತಿಲ್ಲ ಅಂದರು. ಮಳೆ ಆದ ಮೇಲೆ ಅಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಅಂದೆ. "ನಾಕು ದಿನ. ಮೊದಲು ನಿಲ್ತಿರಲಿಲ್ಲ. ಬಾಜೂದವ್ರು ಬಾಂದು ಏರಿಸಿದ ಮ್ಯಾಲ ನಿಲ್ಲಕತ್ತದ." ನಡುವಿನದೊಂದು, ತಗ್ಗಿನದೊಂದು, ಎರಡು ಚೀಲ ಬೇರೆ ಬೇರೆ ಪರೀಕ್ಷೆಗೆ ಕೊಡಿ, ಅದು ಬರುವ ತನಕ ಜಿಪ್ಸಂ ಕೊಳ್ಳಬೇಡಿ ಅಂದೆ. ಮೊದಲು ಆ ನೀರಿಗೆ ಹಳ್ಳದ ಕಡೆ ದಾರಿ ಮಾಡಬೇಕು. ಅವರು ಸ್ವಲ್ಪ ಹೊತ್ತು ಗ್ಲಾಸನ್ನೇ ನೋಡುತ್ತಾ ಕೂತರು. ಆಮೇಲೆ ಕೇಳಿದರು: "ಈ ಗ್ಲಾಸು ಒಯ್ಯಲೇನ್ರಿ ಅಣ್ಣಾ? ಬಾಜೂದವ್ರಿಗೆ ತೋರಿಸ್ಬೇಕು."